ಮಳೆ ಮೀನಿಗೆ ಬಿತ್ತು, ಒಟ್ಟು ಸರಿಹೋಯ್ತು

ಸರಿಯಾಗಿದೆಯಾ ನೋಡಿ ಹೇಳಿ ಅಂತ ಸಂಬಳ ಕೊಟ್ಟು ಇಟ್ಕೊಳ್ತಾರೆ. ಸರಿಯಿಲ್ಲ ಅಂದ್ರೆ ಮುಖ ಗಂಟಿಕ್ಕಿಕೊಳ್ತಾರೆ. ನನ್ನ ನೌಕರಿಯಲ್ಲಿ ಇಂಥದ್ದು ಒಂದಲ್ಲ ಎರಡಲ್ಲ.

ಬಿಡದಿಯಲ್ಲಿ ದಿನಕ್ಕೊಂದು ಫ್ಯಾಕ್ಟರಿ ಬೋರ್ಡು ಏಳ್ತಿದ್ದ ಕಾಲ. ನಾನು ಕೈಲಾಂಚದಿಂದ ಬಸ್ಸು, ರಾಮನಗರದಿಂದ ರೈಲು ಹಿಡಿದು ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರಕ್ಕೆ ಹೋಗ್ತಿದ್ದೆ. ಇಡೀ ಭೂಮಿಯ ಗಾಳಿ, ಮೋಡ, ಮಳೆಯನ್ನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋ ಪ್ರೋಗ್ರಾಂ ಅಲ್ಲಿತ್ತು. ಹಳೇದು ಒಂದು ವಾರ ಓಡ್ತಿತ್ತು. ಎರಡೇ ದಿನದಲ್ಲಿ ಮುಗಿಸೋ ಹೊಸದೊಂದನ್ನ ಬರೆದಿದ್ರು. ಅದು ಸರಿಯಾಗಿದೆಯಾ ಅಂತ ನೋಡೋದು ನನ್ನ ಕೆಲಸ. ಹನ್ನೊಂದು ಹನ್ನೊಂದು ತಿಂಗಳ ತಾತ್ಕಾಲಿಕ ಆರ್ಡರಿನಲ್ಲಿ ಐದು ವರ್ಷ ದುಡಿದಿದ್ದೆ. "ಈ ವರದಿಗೆ ಸಹಿ ಹಾಕಮ್ಮ, ನಿನ್ನ ಪರ್ಮನೆಂಟ್ ಮಾಡಿಸೋ ಜವಾಬ್ದಾರಿ ನಂದು" ಅಂದಿದ್ರು ನಮ್ಮ ಮುಖ್ಯಸ್ಥರು.

ಅತ್ತೆಯ ಪರೀಕ್ಷೆ

ಒಂದು ಸಂಜೆ ಅತ್ತೆ ಕೇಳಿದ್ರು: "ದಿನಾ ರೈಲತ್ತಿ ಓಯ್ತೀಯಲ್ಲವ್ವಾ, ಅದೇನ್ ಕೆಲ್ಸ ನಿಂದು?"

"ಹೊಸ ಲೆಕ್ಕನ ಹಳೇ ಲೆಕ್ಕಕ್ಕೆ ಹೋಲ್ಸಿ ನೋಡೋದು ಅತ್ತೆ."

"ಹಳೇದು ಸರಿಗೈತಾ?"

"ಅದೂ ಪೂರ್ತಿ ಸರಿಯಿಲ್ಲ. ಆದ್ರೆ ಅದ್ರಲ್ಲಿ ಎಲ್ಲೆಲ್ಲಿ ತಪ್ಪೈತೆ ಅಂತ ಗೊತ್ತು."

ಅತ್ತೆ ಮುದ್ದೆ ಕೋಲು ಕೆಳಗಿಟ್ಟರು. "ಅಯ್ಯೋ ನಿನ್ನ! ನಾನೂ ಅದ್ನೇ ತಾನೆ ಮಾಡ್ತಿರಾದು? ನಿನ್ ಮುದ್ದೆನ ನಿನ್ ವಾರಗಿತ್ತಿ ಮುದ್ದೆಗೆ ಹೋಲ್ಸಿ ನೋಡ್ತೀನಿ. ಅವ್ಳ್ದೂ ಅಷ್ಟಕ್ಕಷ್ಟೇಯ. ನಂಗ್ಯಾವನೂ ಸಂಬ್ಳ ಕೊಟ್ಟಿಲ್ವಲ್ಲ!"

ರಾಶಿಯ ತಳ

ಹೊಸ ಪ್ರೋಗ್ರಾಂ ಓಡಿಸಿ ಮುಗಿದ ದಿನ ಮುಖ್ಯಸ್ಥರು ಸಿಹಿ ಹಂಚಿದ್ರು. ಇಡೀ ಪ್ರಪಂಚದ ಸರಾಸರಿ ಮಳೆ ಹಳೇದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಂಗೆ ಹೊಂದಿತ್ತು. ನಾನೂ ಎರಡು ಮೈಸೂರ್ ಪಾಕ್ ತಿಂದೆ. ಸುಳ್ಳ್ಯಾಕೆ ಹೇಳ್ಲಿ.

ಮಾರನೇ ದಿನ ಭಾನುವಾರ. ನಮ್ಮಪ್ಪನ ಜೊತೆ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆ. ಅಪ್ಪ ಗೂಡು ಸುರಿದು, ಚೆನ್ನಾಗಿರೋವೆಲ್ಲ ಮೇಲೆ ಬರೋ ಹಂಗೆ ಕೈಯಾಡಿಸಿದ್ರು. ನೂಲು ತೆಗೆಯೋ ಒಬ್ಬ ಭಾಯ್ ಬಂದವರೇ ಮೊಣಕೈ ತನಕ ತೋಳಿಳಿಸಿ, ತಳದಿಂದ ಒಂದು ಹಿಡಿ ಎತ್ತಿದ್ರು. ಅಂಗೈ ತುಂಬ ಕಲೆಗೂಡು.

"ಏನ್ ಗೌಡ್ರೆ, ಮೇಲಿಂದು ನೋಡಕ್ಕೆ, ಕೆಳಗಿಂದು ನಮ್ಗಾ?"

"ಎಲ್ಲಾ ಒಂದೇ ಹುಳ ಕಟ್ಟಿದ್ದಲ್ವಾ ಭಾಯ್?"

"ಹುಳ ಕಟ್ತು, ಸರಿ. ರಾಶಿ ಮಾಡಿದ್ದೂ ಹುಳಾನಾ?"

ಸೋಮವಾರ ನಾನೂ ಸರಾಸರಿಯ ತಳಕ್ಕೆ ಕೈ ಹಾಕಿದೆ. ನೆಲದ ಮೇಲೆ ಬೀಳಬೇಕಾದ ಮುಂಗಾರೆಲ್ಲ ಸಮುದ್ರದ ಮೇಲೆ ಸುರಿದಿತ್ತು. ಇಲ್ಲಿ ಕಮ್ಮಿ, ಅಲ್ಲಿ ಜಾಸ್ತಿ, ಕೂಡಿದ್ರೆ ಸಮ. ನಕ್ಷೆ ಹಿಡಿದು ಮುಖ್ಯಸ್ಥರ ಹತ್ರ ಓಡಿದೆ.

"ಒಟ್ಟು ಸರಿಯಿದೆಯಲ್ಲಮ್ಮ," ಅಂದ್ರು.

"ಮಳೆಯೆಲ್ಲ ಮೀನಿಗೆ ಬಿದ್ದಿದೆ ಸರ್."

"ಇರ್ಲಿ. ಒಟ್ಟು ಒಟ್ಟೇ."

ನನ್ನ ಬಾಯಿ ಸುಮ್ನಿರೋ ಜಾತಿಯದಲ್ಲ. "ನಿಮ್ಮ ಎಲೆಯ ಅನ್ನಾನೂ ನಂಗೇ ಬಡಿಸ್ಬಿಟ್ರೆ ಒಟ್ಟು ಸರಿಯಾಗೇ ಇರುತ್ತೆ ಸರ್. ಊಟ ಆಯ್ತು ಅಂತೀರಾ?" ಅಂದೆ.

ಅವತ್ತಿಂದ ಅವರು ಕ್ಯಾಂಟೀನಿನಲ್ಲಿ ಬೇರೆ ಟೇಬಲ್ಲು ಹುಡುಕ್ಕೊಂಡ್ರು.

ವೇಗದ ಗುಟ್ಟು

ಪ್ರೋಗ್ರಾಂ ಬರೆದವನು ಚನ್ನಪಟ್ಟಣದ ಕಡೆಯವನು, ಬುದ್ಧಿವಂತ, ಡಾಕ್ಟರೇಟ್ ಮುಗಿಸಿ ಬಂದವನು. ಗಾಳಿಯ ಲೆಕ್ಕ ಒಂದೇ ಸಲಕ್ಕೆ ಕೂಡೋದಿಲ್ಲ. ಉತ್ತರ ಒಂದು ಕಡೆ ನಿಲ್ಲೋ ತನಕ ತಿದ್ದಿ ತಿದ್ದಿ ಮತ್ತೆ ಹಾಕ್ಬೇಕು. ಅದಕ್ಕೇ ಹಳೇದು ಅಷ್ಟು ನಿಧಾನ.

"ನಿಂದು ಎಷ್ಟು ಸಲ ತಿದ್ದುತ್ತಪ್ಪಾ?"

"ಎರಡೇ ಸಲ ಅಕ್ಕಾ," ಅಂತ ಎದೆ ಉಬ್ಬಿಸಿದ.

"ಎರಡು ಸಲಕ್ಕೆ ಕೂಡ್ದಿದ್ರೆ?"

"ಬುಟ್ಬುಟ್ಟು ಮುಂದಕ್ಕೋಯ್ತದೆ. ಅದ್ಕೇ ಅಲ್ವಾ ಇಷ್ಟು ಫಾಸ್ಟು!"

ಸಹಿ

ವರದಿ ಬರೆಯೋಕೆ ನಂಗೆ ನಾಲ್ಕು ದಿನ ಹಿಡೀತು. ಬರೆಯೋದು ಕಷ್ಟ ಅಂತಲ್ಲ. ಪರ್ಮನೆಂಟ್ ಅನ್ನೋ ಪದ ಕಣ್ಣ ಮುಂದೆ ನಿಂತ್ಕೊಂಡು ಅಲ್ಲಾಡ್ತಿರ್ಲಿಲ್ಲ. ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ. ಕೊನೆಗೆ 'ನೆಲದ ಮೇಲಿನ ಮಳೆ ತಪ್ಪು, ಬಳಸಲು ಯೋಗ್ಯವಲ್ಲ' ಅಂತ ಬರೆದು ಸಹಿ ಹಾಕಿದೆ.

ಮುಖ್ಯಸ್ಥರು ಬೈಯಲಿಲ್ಲ. ನನ್ನ ಹಾಳೆ ತೆಗೆದ್ರು, ಇನ್ನೊಂದು ಸೇರಿಸಿದ್ರು. ಪರೀಕ್ಷಿಸಿದವರು ಅನ್ನೋ ಜಾಗದಲ್ಲಿ ಪ್ರೋಗ್ರಾಂ ಬರೆದ ಹುಡುಗನದೇ ಸಹಿ. ತನ್ನ ಪೇಪರನ್ನ ತಾನೇ ತಿದ್ದಿದ, ನೂರಕ್ಕೆ ನೂರು ಬಂತು. ಅವನು ಪರ್ಮನೆಂಟ್ ಆದ. ನನ್ನ ಹನ್ನೊಂದು ತಿಂಗಳು ಹನ್ನೆರಡಾಗ್ಲಿಲ್ಲ. ಐದು ವರ್ಷದ ಮೇಲೆ ಅವರು ಕೊಟ್ಟಿದ್ದು ಒಂದು ಗಡಿಯಾರ. ಅದೂ ದಿನಕ್ಕೆ ಹತ್ತು ನಿಮಿಷ ಮುಂದೆ ಓಡ್ತಿತ್ತು.

ಹೊಟ್ಟೆ ಉರೀತು. ಈಗ್ಲೂ ಉರಿಯುತ್ತೆ.

ಬಿಡದಿ

ಮೂರು ತಿಂಗಳು ಮನೇಲಿ ಕೂತು, ಬಿಡದಿಯಲ್ಲಿ ಬಿಡಿಭಾಗ ಮಾಡೋ ಒಂದು ಫ್ಯಾಕ್ಟರಿಗೆ ಅರ್ಜಿ ಹಾಕಿದೆ. ತಯಾರಾದ ಮಾಲು ಸರಿಯಿದೆಯಾ ಅಂತ ನೋಡೋ ಕೆಲಸ. ಹಿಂದಿನ ಕೆಲಸ ಯಾಕೆ ಹೋಯ್ತು ಅಂದ್ರು. ತಪ್ಪನ್ನ ತಪ್ಪು ಅಂತ ಬರೆದೆ, ಅದಕ್ಕೆ ಹೋಯ್ತು ಅಂದೆ. ಕೆಲಸ ಸಿಕ್ಕಿಬಿಟ್ಟಿತು! ಅದೂ ಮೊದಲ ದಿನದಿಂದ್ಲೇ ಪರ್ಮನೆಂಟು. ಸದ್ಯ, ಪ್ರಪಂಚದಲ್ಲಿ ನ್ಯಾಯ ಅನ್ನೋದು ಇನ್ನೂ ಐತೆ ಅನ್ಕೊಂಡೆ.

ಮೊದಲ ದಿನ ಸೂಪರ್‌ವೈಸರ್ ನನಗೊಂದು ಮೇಜು, ಒಂದು ಮಸಿ ಪ್ಯಾಡು, 'ಸರಿಯಿದೆ' ಅನ್ನೋ ಒಂದು ರಬ್ಬರ್ ಸ್ಟ್ಯಾಂಪು ಕೊಟ್ರು. ಒಳ್ಳೇ ಮನುಷ್ಯ, ಕುರ್ಚಿ ಕೂಡ ಅವರೇ ಒರೆಸಿದ್ರು.

"ಇನ್ನೊಂದು ಸ್ಟ್ಯಾಂಪು ಸರ್?" ಅಂದೆ.

"ಯಾವ್ದು ಇನ್ನೊಂದು?"

"ಸರಿಯಿಲ್ಲ ಅನ್ನೋದು."

ಅವರು ಮೇಜಿನ ಡ್ರಾಯರು ಎಳೆದು ನೋಡಿದ್ರು. ಬೀರು ತೆಗೆದು ನೋಡಿದ್ರು. ಸ್ಟೋರಿಗೆ ಫೋನ್ ಮಾಡಿ ವಿಚಾರಿಸಿದ್ರು. ಆಮೇಲೆ ತಲೆ ಕೆರ್ಕೊಂಡು, ನಿಜವಾಗ್ಲೂ ಬೇಜಾರಾಗಿ ಹೇಳಿದ್ರು:

"ಫ್ಯಾಕ್ಟ್ರಿ ಶುರುವಾದಾಗಿಂದ ಅದುನ್ನ ಯಾರೂ ಕೇಳೇ ಇಲ್ವಲ್ಲವ್ವಾ!"