ಫ್ರೀಜರಿಗೂ ಒಂದು ಬಿಡುವು

ಹುಲಿಗೋ ದೆವ್ವಕ್ಕೋ ಹೆದರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಹೆದರಿಕೆಗೆ ಒಂದು ಅಂತಸ್ತಾದರೂ ಇದೆ. ನಾನು ಪ್ರಾಣ ಹೋಗುವಷ್ಟು ಹೆದರಿದ್ದು ಕಿರುಬೆರಳಿನಷ್ಟು ಸೀಸೆಯ ತಳಕ್ಕಂಟಿದ ಚಿಟಿಕೆ ಬಿಳಿ ಪುಡಿಗೆ. ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ನಂಜನಗೂಡಿನ ಒಂದು ಪ್ರಯೋಗಾಲಯದ ಸ್ಟೋರ್ ಕೀಪರ್. ಪುಡಿ ಎಂದರೆ ಮನುಷ್ಯರ ಪ್ರೋಟೀನು. ಆದರೆ ಮನುಷ್ಯರ ಮೈಯಿಂದ ತೆಗೆದದ್ದಲ್ಲ, ನಮ್ಮ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದ ಮಾಡಿಸಿದ್ದು. ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸಲು ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಮೇಡಂ ತಿಂಗಳುಗಟ್ಟಲೆ ಕಾದು ಅದನ್ನು ವಿದೇಶದಿಂದ ತರಿಸಿದ್ದರು. ತಿ. ನರಸೀಪುರದ ಮನೆಯಲ್ಲಿ ಇದನ್ನೆಲ್ಲ ವಿವರಿಸಿದರೆ ನನ್ನ ಹೆಂಡತಿ, "ಮನುಸರದ್ದ ಮುಟ್ಬುಟ್ಟು ಅಂಗೇ ಅಡುಗೆಮನೇಗೆ ಬರ್ಬೇಡಿ" ಎಂದಳು. ಮೇಡಂ ಇನ್ನೂ ಚುಟುಕಾಗಿ ಹೇಳಿದ್ದರು: "ಇದು ಹಾಳಾದ್ರೆ ನೀವು ಬೇರೆ ಕೆಲಸ ನೋಡ್ಕೊಳ್ಳಿ."

ದಸರಾ ರಜೆ ಮುಗಿಸಿ ಬಂದು ನೋಡುತ್ತೇನೆ, ಆ ಸೀಸೆ ಇಟ್ಟಿದ್ದ ಡೀಪ್ ಫ್ರೀಜರಿನ ಕೆಳಗೆಲ್ಲ ನೀರು. ಬಾಗಿಲಿಗೆ ವಿಭೂತಿ, ಕುಂಕುಮ, ಬಾಡಿದ ಸೇವಂತಿಗೆ ಹಾರ. ಎಲೆಕ್ಟ್ರಿಷಿಯನ್ ಮಾದಪ್ಪ ಆಯುಧಪೂಜೆಗೆ ಎಲ್ಲ ಯಂತ್ರಗಳ ಜೊತೆ ಇದರ ಸ್ವಿಚ್ಚನ್ನೂ ಆರಿಸಿ ಪೂಜೆ ಮಾಡಿದ್ದ. "ವರ್ಸೆಲ್ಲಾ ದುಡೀತದೆ ಸಾ, ಅಬ್ಬದ್ ದಿನನಾರ ಅದ್ಕೆ ಬಿಡುವು ಬ್ಯಾಡ್ವಾ?" ಎಂದ. ನನ್ನ ಕೈಕಾಲು ತಣ್ಣಗಾದವು. ಆ ಕೋಣೆಯಲ್ಲಿ ತಣ್ಣಗಿದ್ದದ್ದು ಅವಷ್ಟೇ.

ಬಿ.ಎಸ್ಸಿ. ಓದಿದವನು ಏನು ಮಾಡಬೇಕು? ರಜೆಗೆ ಮೈಸೂರಿಗೆ ಹೋಗಿದ್ದ ಮೇಡಂಗೆ ಫೋನು ಮಾಡಿ ಕೇಳಬೇಕು. ಅವರ ದನಿ ನೆನೆದೇ ಎತ್ತಿದ ಫೋನು ಕೆಳಗಿಟ್ಟೆ. ನೇರವಾಗಿ ಕಪಿಲೆಯ ದಂಡೆಗೆ ನಡೆದು, ತಲೆ ಬೋಳಿಸಿಕೊಂಡು, ನಂಜುಂಡೇಶ್ವರನಿಗೆ ಮುಡಿ ಒಪ್ಪಿಸಿಬಿಟ್ಟೆ. ಮಕ್ಕಳು ಕೊಡು, ಕಾಯಿಲೆ ವಾಸಿ ಮಾಡು ಎಂದು ಬೇಡುವವರ ಸಾಲಿನಲ್ಲಿ ನಿಂತು ಪ್ರೋಟೀನು ಉಳಿಸಪ್ಪಾ ಎಂದವನು ನಾನೊಬ್ಬನೇ ಇರಬೇಕು.

ಮರುದಿನ ಮೇಡಂ ನನ್ನ ತಲೆ ನೋಡಿ ದನಿ ತಗ್ಗಿಸಿ, "ಮನೇಲಿ ಯಾರಾದ್ರೂ ಹೋದ್ರಾ?" ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಒಣ ಪುಡಿ ಕಣ್ರೀ ಅದು! ಐಸ್ ಇಲ್ದೇನೇ ಪಾರ್ಸಲ್ಲಲ್ಲಿ ಬಂದಿದೆ. ನೀರಲ್ಲಿ ಕರಗಿಸಿದ ಮೇಲಷ್ಟೇ ಅದು ನಾಜೂಕು. ಒಂದು ಫೋನ್ ಮಾಡೋಕೇನಾಗಿತ್ತು? ಇರಲಿ, ಜೀವಕೋಶಕ್ಕೆ ಹಾಕಿ ನೋಡೋಣ." ಆ ನೋಡೋಣ ಮುಗಿಯುವವರೆಗೆ ನನಗೆ ಅನ್ನ ಸೇರಲಿಲ್ಲ.

ಪುಡಿ ಕೆಟ್ಟಿರಲಿಲ್ಲ, ಕೆಲಸ ಉಳಿಯಿತು. ಎಲ್ಲ ಮುಡಿಯ ಮಹಿಮೆ ಎಂದು ಮಾದಪ್ಪನೂ ನನ್ನ ಹೆಂಡತಿಯೂ ಈಗಲೂ ಹೇಳುತ್ತಾರೆ, ನಾನು ವಾದಿಸುವುದಿಲ್ಲ. ಮೇಡಂನ ತಟ್ಟೆಯಲ್ಲಂತೂ ಜೀವಕೋಶಗಳು ಸಂದಿಲ್ಲದಂತೆ ಒತ್ತಾಗಿ ಬೆಳೆದವು. ನನ್ನ ನೆತ್ತಿಯ ಮೇಲೆ ಮಾತ್ರ ಇನ್ನೂ ಏನೂ ಬೆಳೆದಿಲ್ಲ.