ಬ್ಯಾಡಗಿಯಲ್ಲಿ ಗೆದ್ದ ಕಾರ್ಥೇಜ್

ಎರಡು ಸಾವಿರ ವರ್ಷಗಳ ಹಿಂದೆ ಸೋತು, ಸುಟ್ಟು ಬೂದಿಯಾದ ಊರೊಂದನ್ನು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಕೂತು ಗೆಲ್ಲಿಸಿದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ! ಗೆಲ್ಲಿಸಿಕೊಳ್ಳಲಿ, ನನಗೇನು? ಆದರೆ ಅದಕ್ಕಾಗಿ ನನ್ನ ಮಗಳ ಲಗ್ನ ಮುರಿಯಬೇಕೇ?

ಆ ದಿನ ನಾನು ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ವರ್ಷದ ಖಾರದ ಪುಡಿಗೆಂದು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದೆ. ನಮ್ಮವರೂ ಮಾಮಾನೂ ರಾಣೆಬೆನ್ನೂರಿಗೆ ಹೋಗಿದ್ದರು. ಬೀಗರದು ಬೀಜದ ಅಂಗಡಿ, ಮರ್ಯಾದಸ್ಥ ಮನೆ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ದಿನ ಗೊತ್ತು ಮಾಡಿ ಎಲೆ ಅಡಿಕೆ ಬದಲಾಯಿಸಿಕೊಂಡು ಬರುವುದಷ್ಟೇ ಬಾಕಿ. ನನಗೆ ಒಡಹುಟ್ಟಿದವರಿಲ್ಲ. ಆದ್ದರಿಂದ ನನ್ನ ಸೋದರಮಾವನೇ ಮಗಳಿಗೂ ಸೋದರಮಾವನ ಜಾಗದಲ್ಲಿ ನಿಂತು ಮಾತಾಡಬೇಕಿತ್ತು. ಆಗ ಫೋನು ಬಂತು.

"ಎಲ್ಲಾ ಕೆಟ್ಟು ಕುಂತೈತಿ ನೋಡು," ಅಂದರು ನಮ್ಮವರು. "ನಿಮ್ಮ ಮಾಮಾ ಎಲಿ ಅಡಿಕಿ ತಾಟ ಅಲ್ಲೇ ಬಿಟ್ಟು ಎದ್ದು ಹೋದ್ರು."

"ಅಯ್ಯ ಶಿವನ! ಯಾಕ? ಅವರು ಏನರ ಕೇಳಿದ್ರೇನು?"

"ಏನೂ ಕೇಳಲಿಲ್ಲ, ಪಾಪ. ಮೇ ತಿಂಗಳಾಗ ಇಟ್ಕೊಳ್ಳೋಣ್ರಿ ಅಂದ್ರು, ಅಷ್ಟ. ಮೇ ಅನ್ನೂದು ರೋಮನ್ನರ ತಿಂಗಳ, ನಮ್ಮ ಹುಡುಗಿ ಲಗ್ನ ಅದರಾಗ ಮಾಡಂಗಿಲ್ಲ ಅಂತ ಕುಂತ್ರು ನಿಮ್ಮ ಮಾಮಾ!"

ಖಾರದ ಕೈಯನ್ನು ಕಣ್ಣಿಗೆ ಒಯ್ಯಲಿಲ್ಲ, ಅದೊಂದು ದೇವರ ದಯೆ.

ಇದೆಲ್ಲ ಶುರುವಾದದ್ದು ಅವರ ಅಂಗಡಿಗೆ ರದ್ದಿಯ ಜೊತೆ ಬಂದ ಒಂದು ಹಳೆಯ ಪುಸ್ತಕದಿಂದ. ಆಫ್ರಿಕದ ಕಡಲ ದಂಡೆಯಲ್ಲಿ ಕಾರ್ಥೇಜ್ ಎಂಬ ವ್ಯಾಪಾರಿಗಳ ಊರು ಇತ್ತಂತೆ. ಅವರ ಸೇನಾಪತಿ ಹ್ಯಾನಿಬಲ್ ಎಂಬಾತ ಆನೆಗಳನ್ನು ಹಿಮದ ಬೆಟ್ಟ ಹತ್ತಿಸಿ ರೋಮಿನ ಮೇಲೆ ದಂಡೆತ್ತಿ ಹೋದನಂತೆ. ಆದರೂ ಕಡೆಗೆ ಗೆದ್ದವರು ರೋಮನ್ನರೇ; ಅವರ ಕೈಗೆ ಸಿಗಬಾರದೆಂದು ಹ್ಯಾನಿಬಲ್ ವಿಷ ಕುಡಿದನಂತೆ. ಮುಂದೆ ಆ ಊರನ್ನೇ ಸುಟ್ಟುಬಿಟ್ಟರಂತೆ. ನೀವು ನಾನಾದರೆ 'ಪಾಪ' ಅಂದು ಪುಸ್ತಕ ಮುಚ್ಚುತ್ತೇವೆ. ಮಾಮಾ ಮುಚ್ಚಲಿಲ್ಲ. ಕಾರ್ಥೇಜ್ ಗೆದ್ದಿದ್ದರೆ ಏನೇನಾಗುತ್ತಿತ್ತು ಎಂದು ಹೇಳಲು ಶುರುಮಾಡಿದವರು ಇನ್ನೂ ನಿಲ್ಲಿಸಿಲ್ಲ!

"ನಮ್ಮಂಗ ಯಾಪಾರದ ಮಂದಿ ಅವ್ರು. ಅವ್ರು ಗೆದ್ದಿದ್ರ ಜಗತ್ತಿನಾಗ ಲಡಾಯಿನ ಇರತಿರಲಿಲ್ಲ, ಬರೇ ಸಂತಿ ಇರತಿದ್ವು," ಎನ್ನುವರು. "ಆ ಆನಿಗೋಳಿಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ತಿನಿಸಿದ್ರ ಥಂಡಿ ಹತ್ತತಿತ್ತೇನು?"

ನನ್ನ ಮಗಳು ಬಿಡುತ್ತಾಳೆಯೇ? "ಅಜ್ಜಾ, ಮೆಣಸಿನಕಾಯಿ ಆಗ ನಮ್ಮ ದೇಶದಾಗ ಇರಲೇ ಇಲ್ಲ. ಅಮೆರಿಕದಿಂದ ಬಂದದ್ದದು, ಭಾಳ ಮುಂದ."

ಮಾಮಾ ಕನ್ನಡಕ ಏರಿಸಿಕೊಂಡರು. "ಅದನ್ನ ನಾ ಹೇಳೂದು! ಅವ್ರು ಹಡಗಿನ ಮಂದಿ. ಗೆದ್ದಿದ್ರ ಅವ್ರ ಮೊದಲ ಹೋಗಿ ತಂದು ಕೊಡತಿದ್ರು!"

ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಕಳೆದ ಶ್ರಾವಣದಲ್ಲಿ ನಮ್ಮೂರ ಗುಡಿಗೆ ಬಂದವರು ಪೂಜಾರಿಯ ಮುಂದೆ ಹೂವು ಕಾಯಿ ಇಟ್ಟು, "ಹ್ಯಾನಿಬಲ್ ಅನ್ನೋ ಹೆಸರಿನ ಮ್ಯಾಲ ಅರ್ಚನಿ ಮಾಡ್ರಿ," ಅಂದರು! ಪೂಜಾರಿ ಗೋತ್ರ ಕೇಳಿದರು. "ಗೊತ್ತಿಲ್ರಿ. ಶಿವಗೋತ್ರ ಅಂತ ಅನ್ರಿ, ಆತನೂ ವಿಷ ಕುಡದಾಂವನ," ಎಂದರು ನಮ್ಮ ಮಾಮಾ. ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಗರ್ಭಗುಡಿಯೊಳಗಿನಿಂದ ಯಾವ ಸಿಡಿಲೂ ಬರಲಿಲ್ಲ, ಅದೊಂದು ಪುಣ್ಯ.

ಇಷ್ಟಾದರೂ ಸಹಿಸಿಕೊಂಡಿದ್ದೆ. ನನ್ನನ್ನು ನಿಜಕ್ಕೂ ಉರಿಸುತ್ತಿದ್ದದ್ದು ಬೇರೆ. ಅವರ ಹೆಂಡತಿ, ನಮ್ಮ ಅತ್ತೆ, ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಮರೆವು ಬೇರೆ; ನಿನ್ನೆಯದು ಇವತ್ತಿಗಿಲ್ಲ. ಮನೆಯಲ್ಲಿ ಹೆಂಡತಿ ಹೀಗೆ ಮಲಗಿರುವಾಗ ಈ ಮನುಷ್ಯನಿಗೆ ಆನೆಗಳ ಚಿಂತೆಯೇ?

ಮೆಣಸಿನಕಾಯಿ ಬುಟ್ಟಿಯ ಮೇಲೆ ಮೊರ ಮುಚ್ಚಿ, ಕೈ ತೊಳೆದುಕೊಂಡು ಬ್ಯಾಡಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಹಿರಿಯರು, ಎತ್ತಿ ಆಡಿಸಿದವರು, ಇರಲಿ, ಇವತ್ತು ಬಿಡುವುದಿಲ್ಲ! ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತ್ತು, ಅದಕ್ಕೂ ದೇವರಿಗೆ ಕೈ ಮುಗಿದೆ. ನಿಂತುಕೊಂಡು ಅಷ್ಟು ಸಿಟ್ಟು ಹೊರುವುದು ಕಷ್ಟ.

ಸಂಜೆಯ ಹೊತ್ತಿಗೆ ಅವರ ಮನೆ ಮುಟ್ಟಿದೆ. ಮುಂಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ಮಾಮಾ ಅತ್ತೆಯ ಮಂಚದ ಅಂಚಿಗೆ ಕುಳಿತು ಗಂಜಿ ಕುಡಿಸುತ್ತಿದ್ದರು. ಸಿಟ್ಟಿನ ಭರದಲ್ಲಿ ಕನ್ನಡಕವನ್ನು ರಾಣೆಬೆನ್ನೂರಿನಲ್ಲೇ ಬಿಟ್ಟು ಬಂದಿದ್ದರು. ಚಮಚ ಗಲ್ಲಕ್ಕೆ ತಾಗುತ್ತಿತ್ತು. ಅತ್ತೆ ಗಂಜಿಗೆ ಬಾಯಿ ಕೊಡದೆ ಕೇಳುತ್ತಲೇ ಇದ್ದರು.

"ಆನಿ ಮಂದಿ ಏನಾದ್ರು ರೀ?"

"ಗೆದ್ರು."

"ಊರು ಸುಡಲಿಲ್ಲಲಾ?"

"ಯಾಕ ಸುಡತಾರ? ಮನಿ ಮನಿ ಮುಂದ ರಂಗೋಲಿ ಹಾಕ್ಯಾರ."

"ಆನಿಗೋಳು?"

"ಮೈ ತೊಳ್ಯಾಕ ಕೆರಿಗೆ ಹೊಡಕೊಂಡು ಹೋಗ್ಯಾರ."

"ಛಲೋ ಆತು," ಎಂದು ಅತ್ತೆ ಬಾಯಿ ತೆರೆದರು. ಗಂಜಿ ಒಳಗೆ ಹೋಯಿತು.

ನನ್ನನ್ನು ಕಂಡು ಮಾಮಾ ಪಡಸಾಲೆಗೆ ಬಂದರು. ಜೋಡಿಸಿಕೊಂಡ ಬೈಗುಳ ಅಲ್ಲೇ ಬಿಟ್ಟು, ಅವರ ಕೈಯ ಗಂಜಿ ಬಟ್ಟಲು ಇಸಿದುಕೊಂಡೆ.

"ಮೊದಲನೇ ಸಲ ಓದಿ ಹೇಳಿದಾಗ ಇದ್ದದ್ದ ಹೇಳಿದ್ದೆನವ್ವಾ," ಅಂದರು ಮೆಲ್ಲಗೆ. "ಊರು ಸುಟ್ರು ಅಂದ ಕೂಡಲೇ ಅಳಾಕ ಹತ್ತಿದ್ಲು. ಊಟ ಮುಟ್ಟಲಿಲ್ಲ. ಎಲ್ಲಾ ಮರೀತಾಳ, ಇದೊಂದು ಮರೀವಲ್ಲಳು. ದಿನಾ ಕೇಳತಾಳ. ದಿನಾ ಗೆಲ್ಲಸ್ತೇನಿ. ಇವತ್ತ ನಿಮ್ಮ ಬೀಗರು, 'ಸೋತವ್ರು ಸೋತ್ರು, ಬಿಡ್ರಿ ಅತ್ಲಾಗ' ಅಂದ್ರು. ಇಕಿ ಅಳೂ ಮಾರಿ ಕಣ್ಣ ಮುಂದ ಬಂತು. ತಡಕೊಳ್ಳಾಕ ಆಗಲಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿತು. ನಮ್ಮವರು, ಅವರ ಹಿಂದೆ, ಕೈಯಲ್ಲಿ ಮಾಮಾನ ಕನ್ನಡಕ ಹಿಡಿದು ಬೀಗರು. ಎಷ್ಟು ಕೇಳಿಸಿಕೊಂಡಿದ್ದರೋ, ಶಿವನೇ ಬಲ್ಲ. ಒಳಗಿನಿಂದ ಅತ್ತೆ ಹೊಸ ಮುಖ ನೋಡಿದರು.

"ನೀವು ಆ ಕಡಿಂದ ಬಂದ್ರೇನ್ರಿ? ಆನಿ ಮಂದಿ ಏನಾದ್ರು?"

ಬೆಳಿಗ್ಗೆಯಷ್ಟೇ ಈ ಪ್ರಶ್ನೆಗೆ ಆ ಮನುಷ್ಯ ಖಡಕ್ಕಾಗಿ ಉತ್ತರ ಕೊಟ್ಟಿದ್ದರಲ್ಲ! ಮಾಮಾ ಗೋಡೆಯ ಕಡೆ ಮುಖ ಮಾಡಿ ನಿಂತರು. ಬೀಗರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಂಚದ ಪಕ್ಕ ನೆಲದ ಮೇಲೆ ಕುಳಿತರು.

"ಗೆದ್ರು ಯವ್ವಾ. ರಾಣೆಬೆನ್ನೂರ ತುಂಬ ಅದ ಸುದ್ದಿ."

ಹೊರಗೆ ಬಂದು ಕನ್ನಡಕ ಕೈಗಿತ್ತು, "ವೈಶಾಖದಾಗ ಇಟ್ಕೊಳ್ಳೋಣೇನ್ರಿ ಬೀಗರ?" ಎಂದರು.

ಮಾಮಾ ಧೋತರದ ಅಂಚಿನಿಂದ ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು. "ಮೇ ಅಂದ್ರೂ ನಡೀತೈತಿ ಬಿಡ್ರಿ."

ಎಲೆ ಅಡಿಕೆಯ ತಾಟು ನಾನೇ ತಂದಿಟ್ಟೆ.

ಹಾವೇರಿಗೆ ಬಂದು ದೇವರ ಮುಂದೆ ದೀಪ ಹಚ್ಚಿದೆ. ಗೋತ್ರ ಗೊತ್ತಿಲ್ಲದ ಆ ಮಂದಿಯ ಹೆಸರಿನಲ್ಲೂ ಒಂದು ಊದಿನಕಡ್ಡಿ ಸಿಕ್ಕಿಸಿದೆ. ಮೊರ ಮುಚ್ಚಿಟ್ಟಿದ್ದ ಮೆಣಸಿನಕಾಯಿ ಗರಿಗರಿಯಾಗಿಯೇ ಇದ್ದವು, ಅದೊಂದು ಪುಣ್ಯ. ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡು ಉಳಿದವುಗಳ ತೊಟ್ಟು ಬಿಡಿಸತೊಡಗಿದೆ.