ಇನ್‌ಸ್ಪೆಕ್ಟರ್ ಸಿಡಿಲಿನ ಪ್ಯಾಂಟು

ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದ್ದೇ ಇಷ್ಟೆಲ್ಲ ರಗಳೆಗೆ ಕಾರಣ.

ಗ್ರೆನಾಡಾದ ಪಡುವಣ ದಂಡೆಯಲ್ಲಿ ಲಾ ಪ್ವಾಂತ್ ಎಂಬ ಮೀನುಗಾರರ ಊರು. ಅಲ್ಲಿ ಸೆಪ್ಟಿಮಸ್ ದರ್ಜಿ. ಅದೇ ಊರಿನ ಮಾರ್ವಾ ಟೀಚರ್ ವಾರವೆಲ್ಲ ಮಕ್ಕಳಿಗೆ ಭೂಗೋಳ ಕಲಿಸಿ, ಶನಿವಾರ ಬಂತೆಂದರೆ ಮದುವೆ ಫೋಟೋಗ್ರಾಫರನ ಕ್ಯಾಮೆರಾ ಎರವಲು ತಂದು ಸಿನಿಮಾ ತೆಗೆಯುತ್ತಿದ್ದಳು. ಈ ಸಲದ್ದು ‘ಇನ್‌ಸ್ಪೆಕ್ಟರ್ ಸಿಡಿಲು’ ಎಂಬ ಪೊಲೀಸ್ ಹೊಡೆದಾಟದ ಚಿತ್ರ. ಹೀರೋ ರಾಲ್. ಬಲೆ ಎಳೆದು ಎಳೆದು ತೆಂಗಿನ ಮರದ ಹಾಗೆ ಬೆಳೆದಿದ್ದ ಆಳು. ಸಮವಸ್ತ್ರ ಹೊಲಿಯಬೇಕಾದ ದಿನ ಅವನು ಸಮುದ್ರದಲ್ಲಿದ್ದ. ಗಂಡಸಿನ ಮೈ ತಾನೆ, ಎಷ್ಟು ವ್ಯತ್ಯಾಸ ಇದ್ದೀತು ಎಂದುಕೊಂಡ ಸೆಪ್ಟಿಮಸ್, ಬಟ್ಟೆಯನ್ನು ತನ್ನದೇ ಮೈಗೆ ಹಿಡಿದು ನೋಡಿ ಹೊಲಿದುಬಿಟ್ಟ.

ಶನಿವಾರ ಬೆಳಿಗ್ಗೆ ರಾಲ್ ಪ್ಯಾಂಟಿನೊಳಗೆ ಕಾಲು ತೂರಿಸಿದ. ಕೆಂಪು ಪಟ್ಟಿಯ ಆ ಪ್ಯಾಂಟು ಮೊಣಕಾಲಿನ ತನಕ ಬಂದು, ಮುಂದೆ ಬರುವುದಿಲ್ಲವೆಂದು ಮುಷ್ಕರ ಹೂಡಿತು. ಅಂಗಿ ತೋಳಿನಲ್ಲೇ ಸಿಕ್ಕಿಕೊಂಡಿತು.

“ಇದೇನು ನನಗೆ ಹೊಲಿದಿದ್ದೀಯೋ, ಗೊಂಬೆಗೋ?” ರಾಲ್ ಗುಡುಗಿದ.

ಮಾರ್ವಾ ತಲೆ ಮೇಲೆ ಕೈ ಹೊತ್ತು ಕುಳಿತಳು. ಬೇರೆ ಬಟ್ಟೆ ಕೊಳ್ಳಲು ಕಾಸಿಲ್ಲ, ಕ್ಯಾಮೆರಾ ಸಂಜೆಗೆ ವಾಪಸ್ಸು ಕೊಡಬೇಕು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಕಿರಿದು ಮಾಡಿ ದರ್ಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಸೆಪ್ಟಿ, ಇದು ನಿನಗೆ ಆಗುತ್ತೆ ಅಲ್ವಾ?”

“ಆಗುತ್ತೆ ಟೀಚರ್, ಆದರೆ...”

“ಆದರೆ ಗೀದರೆ ಏನಿಲ್ಲ. ನೀನೇ ಸಿಡಿಲು. ರಾಲ್, ನೀನು ಕಳ್ಳ.”

ರಾಲ್ ಮುಖ ಊದಿಸಿಕೊಂಡ. ಸೆಪ್ಟಿಮಸ್‌ನ ಎದೆ ಮಾತ್ರ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

ಮನೆಗೆ ಓಡಿ ಹೆಂಡತಿ ವರ್ಲಿನ್‌ಗೆ ಸುದ್ದಿ ಹೇಳಿದ. ಕೇಳಿಸಿಕೊಂಡವಳು ಅತ್ತೆ ಯೂಡೋರಾ. ಮದುವೆಯ ದಿನದಿಂದಲೂ ಅಳಿಯನನ್ನು ಒಗೆದು ಹಿಂಡದೆ ಬಿಟ್ಟ ಬಟ್ಟೆಯ ಹಾಗೆ ನೋಡುತ್ತಿದ್ದ ಹೆಂಗಸು.

“ಏಡಿ ಕಂಡರೆ ಮಂಚ ಹತ್ತೋನು ಇನ್‌ಸ್ಪೆಕ್ಟರಾ?” ಎಂದಳು. “ಇದನ್ನ ನಾನು ನೋಡ್ಲೇಬೇಕು. ವರ್ಲಿನ್, ನನ್ನ ಕುರ್ಚಿ ತಗೊಂಡು ಬಾ.”

ಇವತ್ತು ಈ ಮುದುಕಿಯ ಬಾಯಿ ಮುಚ್ಚಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿ ಸೆಪ್ಟಿಮಸ್ ಸಮವಸ್ತ್ರ ತೊಟ್ಟು, ಮರದ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಪಕ್ಕದ ಮನೆಯ ಕಾಸ್ಮಸ್ ಅವನ ತೋಳು ಹಿಡಿದ.

“ಒಳ್ಳೇ ಹೊತ್ತಿಗೆ ಸಿಕ್ಕಿದೆ ಮಾರಾಯ. ನೋಡು, ಯಾವನೋ ಪರವೂರಿನ ವ್ಯಾನಿನವನು ನನ್ನ ಗೇಟಿಗೆ ಅಡ್ಡ ನಿಲ್ಲಿಸಿದಾನೆ. ಬೇಡ್ಕೊಂಡರೂ ತೆಗೀತಿಲ್ಲ. ನೀನು ಒಂದು ಮಾತು ಹೇಳು.”

“ನಾನು ದರ್ಜಿ ಕಣೋ!”

“ಅದು ನನಗೆ ಗೊತ್ತು, ನಿನಗೆ ಗೊತ್ತು. ಅವನಿಗೆ ಗೊತ್ತಾ?”

ವ್ಯಾನಿನ ತುಂಬ ಮದುವೆಗೆ ಹೊರಟ ವಾದ್ಯದವರು, ಅವರ ಉಕ್ಕಿನ ಡ್ರಮ್ಮುಗಳು. ಸೆಪ್ಟಿಮಸ್ ಗಂಟಲು ಸರಿಮಾಡಿಕೊಂಡು, “ಏಯ್, ತೆಗಿ ಗಾಡಿ!” ಎಂದ. ಧ್ವನಿ ಸ್ವಲ್ಪ ಕೀರಲಾಗಿಯೇ ಹೊರಟಿತು. ಆದರೂ ಚಾಲಕ ತಿನ್ನುತ್ತಿದ್ದ ಕರಿದ ರೊಟ್ಟಿಯನ್ನು ಹಾಗೇ ಬಾಯಲ್ಲಿ ಕಚ್ಚಿಕೊಂಡು, “ತಪ್ಪಾಯ್ತು ಸಾರ್” ಎಂದು ಗಾಡಿ ಚಾಲೂ ಮಾಡಿದ.

ಸೆಪ್ಟಿಮಸ್‌ಗೆ ಜೀವಮಾನದಲ್ಲಿ ಯಾರೂ ಸಾರ್ ಎಂದಿರಲಿಲ್ಲ. ಆ ಒಂದು ಪದ ರಮ್ಮಿಗಿಂತ ಬೇಗ ತಲೆಗೇರಿತು.

“ಯಾವ ಕಡೆಯಿಂದ ಹೋಗಲಿ ಸಾರ್?” ಚಾಲಕ ವಿನಯದಿಂದ ಕೇಳಿದ.

ಗೊತ್ತಿಲ್ಲ ಎನ್ನುವ ಪೊಲೀಸನನ್ನು ಯಾರಾದರೂ ಕಂಡಿದ್ದಾರೆಯೇ? ಸೆಪ್ಟಿಮಸ್ ಗತ್ತಿನಿಂದ ಕೈ ಬೀಸಿ ಮೀನು ಮಾರ್ಕೆಟ್ಟಿನ ಓಣಿ ತೋರಿಸಿದ. ಆ ಓಣಿಯಲ್ಲಿ ಎರಡು ಮೇಕೆ ಎದುರುಬದುರಾದರೆ ಒಂದು ಹಿಂದಕ್ಕೆ ನಡೆಯಬೇಕು. ವ್ಯಾನು ಒಳಗೆ ನುಗ್ಗಿತು. ಆ ಕಡೆಯಿಂದ ಐಸು ತುಂಬಿದ ಲಾರಿ ಬಂತು. ಎರಡೂ ಮೂತಿಗೆ ಮೂತಿ ತಾಗಿಸಿಕೊಂಡು ನಿಂತವು. ಹಿಂದೆ ಮತ್ತಷ್ಟು ಗಾಡಿ ಸೇರಿ, ಹಾರನ್ನಿನ ಅಬ್ಬರಕ್ಕೆ ಪೆಲಿಕನ್ ಹಕ್ಕಿಗಳು ದೋಣಿ ಬಿಟ್ಟು ಹಾರಿಹೋದವು. ಬೇಸತ್ತ ವ್ಯಾನಿನ ಚಾಲಕ ಫೋನು ತೆಗೆದು ಪೊಲೀಸ್ ಠಾಣೆಗೇ ದೂರು ಕೊಟ್ಟ: “ಸಾರ್, ನಿಮ್ಮ ಹೊಸ ಇನ್‌ಸ್ಪೆಕ್ಟರಿಗೆ ತಲೆ ಸರಿ ಇದೆಯಾ?”

ಇದೊಂದೂ ಸೆಪ್ಟಿಮಸ್‌ಗೆ ತಿಳಿಯದು. ಅವನಾಗಲೇ ಮಾರ್ಕೆಟ್ಟು ತಲುಪಿ ಮಾರ್ವಾಳ ಪಾಠ ಕೇಳುತ್ತಿದ್ದ.

“ಮೊದಲು ರಾಲ್‌ನ ಅಟ್ಟಿಸಿಕೊಂಡು ಹೋಗ್ತೀಯ. ಆಮೇಲೆ ಕಳ್ಳರ ಕಡೆಯವನು ಒಬ್ಬ ನಕಲಿ ಪೊಲೀಸ್ ವೇಷದಲ್ಲಿ ಬರ್ತಾನೆ. ನನ್ನ ಕಸಿನ್ನು, ಪಟ್ಟಣದಿಂದ ಬರ್ತಿದಾನೆ. ಅವನ ಹೊಟ್ಟೆಗೆ ಪಿಸ್ತೂಲು ಹಿಡಿದು ಡೈಲಾಗ್ ಹೊಡಿ. ಹೆದರಬೇಡ.”

ಆ ಕಸಿನ್ನು ವಾದ್ಯದವರ ವ್ಯಾನಿನ ಹಿಂದೆ ಸಿಕ್ಕಿಹಾಕಿಕೊಂಡು ಬೆವರೊರೆಸಿಕೊಳ್ಳುತ್ತಿದ್ದ ಎಂಬುದು ಮಾರ್ವಾಳಿಗೂ ಗೊತ್ತಿರಲಿಲ್ಲ.

“ಓಡು!” ಎಂದಳು ಮಾರ್ವಾ. ರಾಲ್ ಓಡಿದ. ಸೆಪ್ಟಿಮಸ್ ಬೆನ್ನಟ್ಟಿದ. ಯೂಡೋರಾ ಕುರ್ಚಿಯ ತುದಿಗೆ ಸರಿದಳು. ಮೀನು ಮಾರುವ ಅಯಾಂಥಿಗೆ ಸಿನಿಮಾದ ಸಂಗತಿ ಯಾರೂ ಹೇಳಿರಲಿಲ್ಲ. ತಾನು ಎತ್ತಿ ಆಡಿಸಿದ ಅಣ್ಣನ ಮಗ ರಾಲ್‌ನನ್ನು ಪೊಲೀಸು ಅಟ್ಟಿಸಿಕೊಂಡು ಬರುವುದನ್ನು ಕಂಡವಳೇ, ಅವನ ಮುಖವನ್ನೂ ನೋಡದೆ ಎದುರಿಗಿದ್ದ ಟ್ಯೂನಾ ಮೀನನ್ನು ಬಾಲ ಹಿಡಿದು ಎತ್ತಿದಳು.

“ನಮ್ಮ ಹುಡುಗನ ತಂಟೆಗೆ ಬರ್ತೀಯೇನೋ ಹಾಳಾದೋನೆ!”

ಮೀನು ಬೆನ್ನಿಗೆ ಬಿತ್ತು. ಸೆಪ್ಟಿಮಸ್ ಜಾರಿ ಐಸಿನ ಮೇಲೆ ಕುಳಿತ. ಕುಳಿತ ರಭಸಕ್ಕೆ ಪರ್ರೆಂದು ಸದ್ದಾಯಿತು. ಪ್ಯಾಂಟಿನ ನಡುವಿನ ಹೊಲಿಗೆ ಮೇಲಿನಿಂದ ಕೆಳತನಕ ಬಾಯಿ ಬಿಟ್ಟಿತ್ತು. ಇಡೀ ಮಾರ್ಕೆಟ್ಟು ಘೊಳ್ಳೆಂದಿತು. ಹಿಂದಿನ ಸಾಲಿನಿಂದ ಯಾರೋ, “ನನ್ನ ಮದುವೆ ಸೂಟು ಇವನ ಹತ್ರಾನೇ ಕೊಟ್ಟಿದೀನಲ್ಲಪ್ಪೋ!” ಎಂದು ಗೋಳಾಡಿದ.

ಸೆಪ್ಟಿಮಸ್‌ಗೆ ಅಲ್ಲೇ ಐಸಿನಲ್ಲಿ ಹೂತುಹೋಗಬೇಕೆನಿಸಿತು. ಅತ್ತೆಯ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ. ಅವನು ಏಳುವನೋ ಇಲ್ಲವೋ ಎಂದು ಕಾಯುತ್ತಿದ್ದಳು. ಹಾಗಾಗಿ ಎದ್ದ.

ಆಗಲೇ ಜನರನ್ನು ಸೀಳಿಕೊಂಡು ಭಾರೀ ಮೀಸೆಯ ಪೊಲೀಸನೊಬ್ಬ ಬಂದ. ಹಿಂದಿನ ದಿನವಷ್ಟೇ ವರ್ಗವಾಗಿ ಬಂದಿದ್ದ ಸಾರ್ಜೆಂಟ್ ಬೋನಿಫೇಸ್. ಊರಿನಲ್ಲಿ ಅವನ ಗುರುತು ಹಿಡಿಯುವವರೇ ಇರಲಿಲ್ಲ.

“ಯಾರಯ್ಯ ನೀನು? ಯಾವ ಠಾಣೆ?”

ಅಂತೂ ಕಸಿನ್ನು ಬಂದ ಎಂದು ಸೆಪ್ಟಿಮಸ್‌ಗೆ ಸಮಾಧಾನವಾಯಿತು. ಒಂದು ಕೈಯಲ್ಲಿ ಹಿಂದಿನ ಹರಕು ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಸಾರ್ಜೆಂಟನ ಹೊಟ್ಟೆಗೆ ಮರದ ಪಿಸ್ತೂಲು ಒತ್ತಿದ.

“ಠಾಣೆ ಕೇಳ್ತೀಯಾ? ನಾನು ಸಿಡಿಲು! ನೀನು ನಕಲಿ ಪೊಲೀಸು ಅಂತ ಆ ಮೀಸೆ ನೋಡಿದ್ರೇ ಗೊತ್ತಾಗುತ್ತೆ. ಎತ್ತು ಕೈ!”

ಎಂಥ ನಟನೆ, ತುಟಿ ಹೇಗೆ ನಡುಗಿಸುತ್ತಾನೆ ಎಂದು ಸೆಪ್ಟಿಮಸ್ ಎದುರಿನವನನ್ನು ಒಳಗೊಳಗೇ ಮೆಚ್ಚಿಕೊಂಡ. ಇನ್ನಷ್ಟು ಮೆರುಗಿರಲಿ ಎಂದು ಮೀಸೆಯನ್ನು ಹಿಡಿದು ಎಳೆದ.

ಮೀಸೆ ಕೈಗೆ ಬರಲಿಲ್ಲ.

ಮರುಕ್ಷಣ ಪಿಸ್ತೂಲು ಹಾರಿ ಮೀನಿನ ಬುಟ್ಟಿಗೆ ಬಿತ್ತು. ಸೆಪ್ಟಿಮಸ್‌ನ ಕಾಲು ನೆಲ ಬಿಟ್ಟಿತು. ಸಾರ್ಜೆಂಟ್ ಅವನನ್ನು ಜಾಯಿಕಾಯಿ ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡು, ಅಡ್ಡ ಬಂದ ಅಯಾಂಥಿಯ ಬುಟ್ಟಿಗಳನ್ನು ಒಂದೇ ನೆಗೆತಕ್ಕೆ ದಾಟಿ ಜೀಪಿನತ್ತ ನಡೆದ. ಜನ ಚಪ್ಪಾಳೆ ಹೊಡೆದರು. “ಟೀಚರ್, ಇವನು ನಿಜವಾಗ್ಲೂ ಹೊಡೀತಿದಾನೆ!” ಎಂದು ಸೆಪ್ಟಿಮಸ್ ಅರಚಿದ. ಬಂದವನು ಕಸಿನ್ನಲ್ಲವೆಂದು ಗೊತ್ತಾದರೂ ಮಾರ್ವಾ ಕ್ಯಾಮೆರಾ ಕೆಳಗಿಳಿಸದೆ, “ಚೆನ್ನಾಗಿದೆ, ಹಾಗೇ ಅರಚು!” ಎಂದಳು.

ಠಾಣೆಯಲ್ಲಿ ಸಾರ್ಜೆಂಟ್ ಒಂದೊಂದಾಗಿ ಅಪರಾಧ ಹೇಳತೊಡಗಿದ. ಪೊಲೀಸ್ ವೇಷ, ರಸ್ತೆ ತಡೆ, ಅಧಿಕಾರಿಯ ಮೀಸೆ. ಅಷ್ಟರಲ್ಲಿ ಮಾರ್ವಾ ಏದುಸಿರು ಬಿಡುತ್ತ ಬಂದಳು.

“ಸಾರ್, ಹಳೇ ಸಾರ್ಜೆಂಟ್ ಸಾಹೇಬ್ರಿಗೆ ಹೇಳಿ ಒಪ್ಪಿಗೆ ತಗೊಂಡಿದ್ದೆ. ಹೋಗೋ ಗಡಿಬಿಡೀಲಿ ನಿಮಗೆ ಹೇಳೋದು ಮರೆತಿರಬೇಕು. ಬೇಕಾದ್ರೆ ಇದನ್ನ ನೋಡಿ.”

ಸಾರ್ಜೆಂಟ್ ಕ್ಯಾಮೆರಾದ ಪುಟ್ಟ ಪರದೆಯತ್ತ ಬಗ್ಗಿದ. ಒಮ್ಮೆ ನೋಡಿದ. ಹುಬ್ಬು ಇಳಿಯಿತು. ಇನ್ನೊಮ್ಮೆ ಹಾಕಿಸಿ ನೋಡಿದ. ಮೀಸೆ ತೀಡಿಕೊಂಡ.

“ಬುಟ್ಟಿ ಹಾರಿದ್ದು ಚೆನ್ನಾಗಿ ಬಂದಿದೆ ಅಲ್ವೇನಮ್ಮ?”

“ಸಿಂಹ ಹಾರಿದ ಹಾಗಿದೆ ಸಾರ್.”

ಸೆಪ್ಟಿಮಸ್‌ಗೆ ಬಿಡುಗಡೆಯಾಯಿತು. ಜೊತೆಗೆ ಸುದ್ದಿಯೂ ಸಿಕ್ಕಿತು. ಇನ್ನು ಮೇಲೆ ಇನ್‌ಸ್ಪೆಕ್ಟರ್ ಸಿಡಿಲು ಸಾರ್ಜೆಂಟ್ ಬೋನಿಫೇಸನೇ. ಸಮವಸ್ತ್ರ ಅವನದೇ, ಜೀಪು ಅವನದೇ, ಮೀಸೆಯೂ ಅವನದೇ. ಊರಿಗೆ ಟೋಪಿ ಹಾಕುವ ನಕಲಿ ಪೊಲೀಸಿನ ಪಾತ್ರ ಸೆಪ್ಟಿಮಸ್‌ಗೆ.

ಅತ್ತೆ ಏನು ಅಂದಾಳೋ ಎಂದು ಹರಕು ಪ್ಯಾಂಟಿಗೆ ಗೋಣಿತಾಟು ಸುತ್ತಿಕೊಂಡು ಸೆಪ್ಟಿಮಸ್ ಹೆದರುತ್ತಲೇ ಮನೆಗೆ ಬಂದ. ಒಳಗೆ ತೆಂಗಿನ ಹಾಲಿನಲ್ಲಿ ಬ್ರೆಡ್‌ಫ್ರೂಟ್ ಕಾಯಿ ಬೇಯುವ ಘಮಘಮ. ಯೂಡೋರಾ ತಾನೇ ತಟ್ಟೆ ಹಾಕಿ, ಯಾವತ್ತೂ ತನಗೇ ತೆಗೆದಿಟ್ಟುಕೊಳ್ಳುತ್ತಿದ್ದ ಉಪ್ಪುಮಾಂಸದ ದೊಡ್ಡ ತುಂಡನ್ನು ಅವನಿಗೆ ಬಡಿಸಿದಳು.

“ಬಿದ್ದರೂ ಎದ್ದೆಯಲ್ಲ ಅಳಿಯಾ,” ಎಂದಳು. “ಪೊಲೀಸನ ಮೀಸೆ ಎಳೆಯೋ ಗಂಡೆದೆ ಇದೆ ಅಂತ ನಾನು ಅಂದುಕೊಂಡಿರಲಿಲ್ಲ. ತಿನ್ನು, ಚೆನ್ನಾಗಿ ತಿನ್ನು.”

ಸೆಪ್ಟಿಮಸ್‌ನ ಕಣ್ಣು ತುಂಬಿ ಬಂತು. ಹೀರೋ ಪಾತ್ರ ಹೋದರೆ ಹೋಗಲಿ, ಅತ್ತೆಯ ಮನಸ್ಸು ಗೆದ್ದೆನಲ್ಲ ಎಂದು ಎರಡನೇ ಸಲ ಹಾಕಿಸಿಕೊಂಡು ಉಂಡ. ವರ್ಲಿನ್ ಕೈಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು.

“ಏನೇ ಅದು?”

“ಮಾರ್ವಾ ಟೀಚರ್ ಬಂದಿದ್ರು. ಅಮ್ಮನಿಗೂ ಸಿನಿಮಾದಲ್ಲಿ ಪಾತ್ರ ಕೊಟ್ಟಿದಾರೆ.”

“ಯಾವ ಪಾತ್ರ?”

“ನಕಲಿ ಪೊಲೀಸಿನ ಅತ್ತೆ,” ಎಂದಳು ಯೂಡೋರಾ, ಬಲಗೈಯ ಬಳೆಗಳನ್ನು ಒಂದೊಂದಾಗಿ ಕಳಚಿಡುತ್ತ. “ಕೊನೇಲಿ ಅಳಿಯನ ಗುಟ್ಟು ಗೊತ್ತಾಗಿ ಕಪಾಳಕ್ಕೆ ಬಾರಿಸಿ ಠಾಣೆಗೆ ಒಪ್ಪಿಸ್ತಾಳೆ. ಕೈ ಪಳಗಬೇಕು, ದಿನಾ ಅಭ್ಯಾಸ ಮಾಡಿ ಅಂತ ಟೀಚರ್ ಹೇಳಿ ಹೋಗಿದಾಳೆ. ಊಟ ಆಯ್ತಾ? ಏಳು.”